ಸಾದಾ ಗಂಟು

ಕಪ್ಪಗೆ ಹೋದರೆ ಹೆದರಬೇಡಿ ಎಂದು ನಮ್ಮೂರಿನ ಎಷ್ಟು ಹೆಂಗಸರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ನಾನು ಆಶಾ ಕಾರ್ಯಕರ್ತೆ. ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಬಸುರಿಯರ ಹೆಸರು ಬರೆದುಕೊಳ್ಳುವುದು, ಅವರನ್ನು ದವಾಖಾನೆಗೆ ಕರೆದೊಯ್ಯುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ರಕ್ತ ಕಡಿಮೆ ಇದ್ದವರಿಗೆ ಕಬ್ಬಿಣದ ಗುಳಿಗೆ ಹಂಚುವುದು ನನ್ನ ಕೆಲಸ. ಗುಳಿಗೆ ಕೊಟ್ಟ ನಾಲ್ಕನೇ ದಿನಕ್ಕೆ ಯಾರಾದರೊಬ್ಬರು ಬಂದು, ನನ್ನನ್ನು ಬಾಗಿಲ ಮರೆಗೆ ಕರೆದು, ಸಂಡಾಸ ಕಪ್ಪಗಾಗುತ್ತಿದೆ ಎಂದು ಪಿಸುಗುಡುತ್ತಾರೆ. ಅದು ಗುಳಿಗೆಯ ಬಣ್ಣ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ದಿನಾ ತಪ್ಪದೆ ನುಂಗಿ ಎಂದು ನಕ್ಕು ಕಳಿಸುತ್ತೇನೆ. ಹದಿನಾಲ್ಕು ವರ್ಷ ಹೇಳಿ ಹೇಳಿ ಆ ಮಾತು ನನ್ನ ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಹೋದ ವರ್ಷ ಕಡಲೆ ಬಿತ್ತುವ ಹೊತ್ತಿಗೆ ನನಗೇ ದಣಿವು ಶುರುವಾಯಿತು. ಎರಡು ಓಣಿ ತಿರುಗಿ ಬರುವಷ್ಟರಲ್ಲಿ ಏದುಸಿರು. ರೊಟ್ಟಿ ಬಡಿಯಲು ಕುಳಿತರೆ ಮೂರನೇ ರೊಟ್ಟಿಗೆ ಕಣ್ಣು ಕತ್ತಲೆ. ನಲವತ್ತೆರಡು ವಯಸ್ಸು, ಮುಟ್ಟಿನ ಹೆಚ್ಚು ಕಡಿಮೆ, ಬಿಸಿಲಿನ ತಿರುಗಾಟ, ಕಾರಣಕ್ಕೇನು ಬರವೇ? ಔಷಧವಂತೂ ನನ್ನ ಚೀಲದಲ್ಲೇ ಇತ್ತು. ಹಂಚಿ ಉಳಿದಿದ್ದ ಪಟ್ಟಿಗಳಿಂದ ದಿನಕ್ಕೊಂದು ಗುಳಿಗೆ ನುಂಗತೊಡಗಿದೆ. ಯಾರನ್ನೂ ಕೇಳಲಿಲ್ಲ. ಊರಿಗೆಲ್ಲ ಕೊಡುವವಳು ತನಗಾಗಿ ಯಾರನ್ನು ಕೇಳಬೇಕು ಎಂಬ ಗತ್ತು ಬೇರೆ. ಸಂಡಾಸ ಕಪ್ಪಗಾಯಿತು. ಆಗಲೇಬೇಕಲ್ಲ ಎಂದುಕೊಂಡೆ.

ಎರಡು ತಿಂಗಳು ಹೀಗೇ ಹೋಯಿತು. ದಣಿವು ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಚೊಚ್ಚಲ ಬಸುರಿಯೊಬ್ಬಳು ತವರಿಗೆ ಬಂದಳು, ಮುಖ ಹತ್ತಿಯಂತೆ ಬಿಳುಪು. ನನ್ನ ಹತ್ತಿರ ಉಳಿದಿದ್ದ ಕಡೆಯ ಪಟ್ಟಿಗಳನ್ನು ಅವಳ ಕೈಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಬೇರೆ ತಂದುಕೊಂಡರಾಯಿತು ಅಂದುಕೊಂಡವಳು ಕೆಲಸದ ಗದ್ದಲದಲ್ಲಿ ಮರೆತೆ.

ಒಂದು ಮುಂಜಾನೆ ಹಿತ್ತಲಿನ ಕಕ್ಕಸಿನಲ್ಲಿ ತಗಡಿನ ಬಾಗಿಲ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಕೆಳಗೆ ನೋಡಿದೆ. ಕಪ್ಪು. ಡಾಂಬರಿನ ಹಾಗೆ ಕಪ್ಪು, ಮತ್ತು ಎಂದೂ ಇಲ್ಲದ ಒಂದು ಕೆಟ್ಟ ವಾಸನೆ. ಗುಳಿಗೆ ಅಂದುಕೊಂಡು ನೀರಿನ ಚರಿಗೆಗೆ ಕೈ ಹಾಕಿದವಳು ಹಾಗೇ ನಿಂತೆ. ಯಾವ ಗುಳಿಗೆ? ಆ ಹುಡುಗಿಗೆ ಪಟ್ಟಿ ಕೊಟ್ಟದ್ದು ಅಮಾವಾಸ್ಯೆಯ ಮರುದಿನ. ಬೆರಳು ಮಡಚಿ ಎಣಿಸಿದೆ. ಹದಿನಾರು ದಿನ. ಹದಿನಾರು ದಿನದಿಂದ ನನ್ನ ಹೊಟ್ಟೆಗೆ ಒಂದು ಗುಳಿಗೆಯೂ ಹೋಗಿರಲಿಲ್ಲ. ಗುಳಿಗೆಯಿಲ್ಲದೆ ಹೀಗೆ ಕಪ್ಪಗಾದರೆ ಒಳಗೆಲ್ಲೋ ರಕ್ತ ಸೋರುತ್ತಿದೆ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು.

ಅಂದೇ ದವಾಖಾನೆಗೆ ಓಡಬೇಕಿತ್ತು. ಬೇರೆ ಯಾವ ಹೆಂಗಸು ಬಂದು ಹೀಗೆ ಹೇಳಿದ್ದರೂ ರಟ್ಟೆ ಹಿಡಿದು ಎಳೆದೊಯ್ಯುತ್ತಿದ್ದೆ. ಆದರೆ ನಾನು ಮಾಡಿದ್ದು ಬೇರೆ. ಗುರೆಳ್ಳು ಚಟ್ನಿಯ ಮೇಲೆ ತಪ್ಪು ಹೊರಿಸಿದೆ. ಅದೂ ಕಪ್ಪಲ್ಲವೇ, ದಿನಾ ಎರಡು ಹೊತ್ತು ರೊಟ್ಟಿಯ ಜೊತೆ ತಿನ್ನುತ್ತೇನಲ್ಲ, ಅದರದೇ ಬಣ್ಣ ಇರಬೇಕು. ಚಟ್ನಿ ಬಿಟ್ಟೆ. ನಾಲ್ಕು ದಿನ ಬಿಟ್ಟು ನೋಡಿದೆ, ಕಪ್ಪು. ಇನ್ನೂ ನಾಲ್ಕು ದಿನ ನೋಡೋಣ ಎಂದುಕೊಂಡೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು. ಖರೇ ಹೇಳಬೇಕೆಂದರೆ ನನಗೆ ಅಂಜಿಕೆಯಾಗಿತ್ತು. ಹೋದರೆ ಏನಾದರೂ ಸಿಗುತ್ತದೆ, ಹೋಗದಿದ್ದರೆ ಸಿಗುವುದಿಲ್ಲ ಎಂಬ ಲೆಕ್ಕ.

ಮನೆಯಲ್ಲಿ ಮೊದಲು ಗುರುತಿಸಿದವಳು ನನ್ನ ಅತ್ತೆ. ಕುರಿ ಕಾಯ್ದು ಬೆಳೆದ ಜೀವ ಅದು, ಕಣ್ಣು ಬಲು ಚುರುಕು. ಬಾಯಿ ಅದಕ್ಕಿಂತ ಚುರುಕು. ನಾನು ಮದುವೆಯಾಗಿ ಬಂದ ಇಪ್ಪತ್ತಮೂರು ವರ್ಷದಲ್ಲಿ ಆಕೆ ನನ್ನ ರೊಟ್ಟಿಯನ್ನು ಒಂದು ಸಲವೂ ಚೆನ್ನಾಗಿದೆ ಅಂದಿಲ್ಲ. ಕುರಿ ಮೇವು ಬಿಟ್ಟರೆ ಮೂರು ದಿನದೊಳಗೆ ಗೊತ್ತಾಗುತ್ತದೆ, ನಿನ್ನದೇನು ಎಂದು ಕೇಳಿದಳು. ಉಷ್ಣ ಆಗಿದೆ ಎಂದೆ. ಆಕೆ ನಂಬಲಿಲ್ಲ, ಆದರೆ ನನ್ನ ತಟ್ಟೆಯ ಮೇಲೆ ಕಣ್ಣಿಟ್ಟಳು.

ಆ ತಿಂಗಳ ಸಭೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಮಡಚಿಕೊಂಡವು. ಎಚ್ಚರಾದಾಗ ಅಲ್ಲಿನ ಸಿಸ್ಟರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಎಷ್ಟೋ ವರ್ಷದಿಂದ ಜೊತೆಗೆ ಕೆಲಸ ಮಾಡಿದವರು ಅವರು. ಬೆರಳು ಚುಚ್ಚಿದರು. ಹನ್ನೆರಡು ಇರಬೇಕಾದ ರಕ್ತ ಆರು. ಬಸುರಿಯರಲ್ಲಿ ಆರು ಕಂಡರೆ ನಾನು ಗಾಡಿ ಕರೆಸುವ ಅಂಕಿ ಅದು. ಸಿಸ್ಟರು ನನ್ನನ್ನು ಬೈಯಲಿಲ್ಲ. ಎಂದಿನಿಂದ ಕಪ್ಪಗೆ ಹೋಗುತ್ತಿದೆ ಎಂದಷ್ಟೇ ಕೇಳಿದರು. ಗುಳಿಗೆಯ ಕಥೆ ಹೇಳಿದೆ. ಅವರು ಹಣೆ ಒರೆಸಿಕೊಂಡು ಹುಬ್ಬಳ್ಳಿಗೆ ಚೀಟಿ ಬರೆಸಿದರು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮೊದಲು ರಕ್ತ ಹಾಕಿದರು. ಆಮೇಲೆ ಬಾಯಿಂದ ಪೈಪು ಇಳಿಸಿ ಜಠರ ನೋಡಿದರು. ಏನೂ ಇಲ್ಲ. ಎರಡು ದಿನ ಬಿಟ್ಟು ಕೆಳಗಿನಿಂದ ಪೈಪು ಹಾಕಿ ದೊಡ್ಡ ಕರುಳು ನೋಡಿದರು. ಅಲ್ಲಿಯೂ ಏನೂ ಇಲ್ಲ. ನನ್ನ ಗಂಡ ಖುಷಿಯಾಗಿ ಚಹಾ ಕುಡಿದು ಬಂದರು. ಡಾಕ್ಟರು ಖುಷಿಯಾಗಿರಲಿಲ್ಲ. ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ಮೇಲಿನ ಪೈಪು ಇಲ್ಲಿಯವರೆಗೆ ಮುಟ್ಟುತ್ತದೆ, ಕೆಳಗಿನದು ಇಲ್ಲಿಯವರೆಗೆ ಎಂದು ಎರಡು ಗೆರೆ ಹಾಕಿದರು. ನಡುವೆ ಸುತ್ತಿ ಸುತ್ತಿ ಇಟ್ಟ ಸಣ್ಣ ಕರುಳು ಪೂರಾ ಖಾಲಿ ಉಳಿಯಿತು. ಹೆಸರಿಗೆ ಸಣ್ಣದು, ಉದ್ದ ಮಾತ್ರ ನಾಲ್ಕು ಆಳು ಮಲಗಿದಷ್ಟು. ಆ ಕತ್ತಲೆಯೊಳಗೆ ಎಲ್ಲೋ ಕುಳಿತು ಯಾವುದೋ ಒಂದು ನನ್ನ ರಕ್ತವನ್ನು ತೊಟ್ಟು ತೊಟ್ಟಾಗಿ ಸೋರಿಸುತ್ತಿತ್ತು. ಅಂದಿನಿಂದ ನನಗೆ ಊಟ ಇಳಿಯಲಿಲ್ಲ. ಪ್ರತಿ ತುತ್ತೂ ಅದನ್ನು ದಾಟಿಯೇ ಹೋಗಬೇಕಲ್ಲ ಅನ್ನಿಸುತ್ತಿತ್ತು.

ಸ್ಕ್ಯಾನಿನಲ್ಲಿ ಅದು ಸಿಕ್ಕಿತು. ನಿಂಬೆಕಾಯಿಯಷ್ಟು ಗಂಟು, ಕರುಳಿನ ಗೋಡೆಯ ಮಾಂಸದಲ್ಲೇ ಬೆಳೆದದ್ದು. ಸಣ್ಣ ಕರುಳಿನಲ್ಲಿ ಗಂಟಾಗುವುದೇ ಅಪರೂಪ, ತಾವು ಇಷ್ಟು ವರ್ಷದಲ್ಲಿ ನೋಡಿದ್ದು ಕೈಬೆರಳಿನಲ್ಲಿ ಎಣಿಸುವಷ್ಟು ಎಂದರು ಡಾಕ್ಟರು. ಅಪರೂಪದ್ದು ಬಂದರೆ ಲಾಟರಿ ಬರಬಾರದೇ, ಗಂಟೇ ಬರಬೇಕೇ? ತೆಗೆದು ಪರೀಕ್ಷೆಗೆ ಕಳಿಸಬೇಕು, ಆಮೇಲಷ್ಟೇ ಪಕ್ಕಾ ಎಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ನನ್ನ ಭುಜ ತಟ್ಟಿದರು.

"ಅಂಜಬ್ಯಾಡ್ರಿ ಅಕ್ಕಾರ. ಸಾದಾ ಗಂಟ ಇರತೈತಿ ಅದು."

ಸಾದಾ ಗಂಟು ಎಂಬ ಆ ಎರಡು ಶಬ್ದ ಕೇಳಿದ್ದೇ ನನ್ನ ಅಂಜಿಕೆ ಇಮ್ಮಡಿಯಾಯಿತು. ಯಾಕೆಂದು ಹೇಳಬೇಕು.

ನಮ್ಮೂರಿನ ಕೆಳಗಿನ ಓಣಿಯಲ್ಲಿ ನನಗಿಂತ ನಾಲ್ಕೈದು ವರ್ಷ ಸಣ್ಣವಳೊಬ್ಬಳಿದ್ದಳು. ಮೆಣಸಿನಕಾಯಿ ಬಿಡಿಸಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಳು. ಗಂಡ ಇರಲಿಲ್ಲ, ತಾಯಿಯ ಜೊತೆಗಿದ್ದಳು. ಎರಡು ವರ್ಷದ ಹಿಂದೆ ಗರ್ಭಕೋಶದಲ್ಲಿ ಗಂಟು ಎಂದು ಇದೇ ದವಾಖಾನೆಗೆ ನಾನೇ ಕರೆತಂದಿದ್ದೆ. ಅವಳದು ಕ್ಯಾನ್ಸರು. ಆಗಲೇ ಕೈಮೀರಿತ್ತು. ಅವಳ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು, ಮಗಳಿಗೆ ಮಾತ್ರ ಹೇಳಬೇಡಿ, ಕೇಳಿದರೆ ಕೇಳಿದ ಹೊತ್ತಿಗೇ ಸತ್ತುಹೋಗುತ್ತಾಳೆ ಎಂದು ಅತ್ತಳು. ನಮ್ಮ ಕಡೆ ಇದು ಹೊಸದಲ್ಲ. ಇಂಥ ರೋಗದ ಹೆಸರನ್ನು ರೋಗಿಯ ಮುಂದೆ ಯಾರೂ ಹೇಳುವುದಿಲ್ಲ. ಸಾದಾ ಗಂಟು ಎನ್ನುತ್ತಾರೆ. ಬಾಟಲಿ ತೂಗುಹಾಕಿ ಮೈಯೊಳಗೆ ಬಿಡುವ ಕ್ಯಾನ್ಸರಿನ ಔಷಧಕ್ಕೆ ಶಕ್ತಿ ಸಲಾಯನ್ ಎನ್ನುತ್ತಾರೆ.

ಸುಳ್ಳನ್ನು ನಾನು ಜವಾಬ್ದಾರಿಯಿಂದ ನಡೆಸಿದೆ. ಡಾಕ್ಟರಿಗೆ ಮೊದಲೇ ಹೇಳಿಟ್ಟೆ. ನಮ್ಮ ಸಿಸ್ಟರಿಗೆ ಹೇಳಿದೆ. ಅವಳನ್ನು ಗಾಡಿಯಲ್ಲಿ ಕರೆದೊಯ್ಯುತ್ತಿದ್ದ ನನ್ನ ಗಂಡನನ್ನು ಎದುರು ಕೂಡಿಸಿಕೊಂಡು ಪಾಠ ಮಾಡಿದೆ. ಕೇಳಿದರೆ ಸಾದಾ ಗಂಟು ಅನ್ನಬೇಕು, ಹೆಚ್ಚು ಮಾತಾಡಬಾರದು, ಹೇಳುವಾಗ ಅವಳ ಮುಖ ನೋಡಬಾರದು, ಗುರುತು ಹಿಡಿಯುತ್ತಾಳೆ. ಅತ್ತೆಗೂ ಹೇಳಿದೆ, ಅವಳ ಮುಂದೆ ನಿನ್ನ ಹರಿತ ಬಾಯಿ ಬಿಡಬೇಡ, ಮೆತ್ತಗೆ ಮಾತಾಡು ಎಂದು. ಒಂದು ದಿನ ಆ ಹೆಣ್ಣುಮಗಳು ನನ್ನ ಕಣ್ಣಲ್ಲಿ ಕಣ್ಣಿಟ್ಟು, ಅಕ್ಕಾರ, ನನ್ನದು ಸಾದಾ ಗಂಟ ಹೌದಲ್ಲ ಎಂದು ಕೇಳಿದಳು. ನಗುತ್ತ ಹೇಳಿದೆ, "ಸಾದಾ ಐತಿ. ನನ್ನ ಮ್ಯಾಲ ವಿಶ್ವಾಸ ಇಲ್ಲೇನು ನಿನಗ?" ಇದೆ ಎಂದು ತಲೆಯಾಡಿಸಿದಳು. ಆರು ತಿಂಗಳಿಗೆ ಹೋದಳು.

ಈಗ ಅದೇ ದವಾಖಾನೆ, ಅದೇ ಭುಜ ತಟ್ಟುವುದು, ಅದೇ ಮಾತು. ಈ ಸಲ ಮಂಚದ ಮೇಲೆ ಕುಳಿತವಳು ನಾನು.

ಆಪರೇಷನ್ ಆಯಿತು. ಒಂದು ಗೇಣು ಕರುಳು ಕತ್ತರಿಸಿ ಎರಡು ತುದಿ ಜೋಡಿಸಿದರಂತೆ. ತೆಗೆದದ್ದನ್ನು ಟ್ರೇಯಲ್ಲಿಟ್ಟು ಹೊರಗೆ ತಂದು ಮನೆಯವರಿಗೆ ತೋರಿಸಿದರು. ನನ್ನ ಗಂಡ ಗೋಡೆ ಹಿಡಿದುಕೊಂಡರಂತೆ. ಅತ್ತೆ ಮಾತ್ರ ಮೂಗಿಗೆ ಸೆರಗು ಹಚ್ಚದೆ ಬಗ್ಗಿ ನೋಡಿದಳಂತೆ. ಜೀವನವಿಡೀ ಕುರಿಯ ಬೋಟಿ ತೊಳೆದ ಕೈ, ಕರುಳಿಗೆ ಹೇಸಿಗೆ ಪಡುವ ಪೈಕಿ ಅಲ್ಲ. ನನಗೆ ಎಚ್ಚರಾದ ಮೇಲೆ, ದುಂಡಗೆ ಗಟ್ಟಿಯಿತ್ತು, ಮೇಲೊಂದು ಸಣ್ಣ ಹುಣ್ಣಾಗಿ ಅಲ್ಲಿಂದ ಸೋರಿದೆ, ಸುತ್ತಲಿನ ಕರುಳು ಕೊಳೆತಿರಲಿಲ್ಲ ಎಂದಳು. ಹೇಳಿ ನನ್ನ ತಲೆ ಸವರಿದಳು. ಇಪ್ಪತ್ತಮೂರು ವರ್ಷದಲ್ಲಿ ಆಕೆ ನನ್ನ ತಲೆಯ ಮೇಲೆ ಕೈಯಿಟ್ಟದ್ದು ಅದೇ ಮೊದಲು. ನೋವಿಗಿಂತ ಆ ಕೈ ನನ್ನನ್ನು ಹೆಚ್ಚು ಹೆದರಿಸಿತು.

ಊರಿಗೆ ಬಂದು ಹನ್ನೆರಡು ದಿನಕ್ಕೆ ರಿಪೋರ್ಟು ಸಿದ್ಧವಾಯಿತು. ನನ್ನ ಗಂಡ ಮುಂಜಾನೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋದರು. ನಾನು ಪಡಸಾಲೆಯಲ್ಲಿ ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು, ಕದದ ಕಡೆ ಮುಖ ಮಾಡಿ ಮಲಗಿದ್ದೆ. ಮಧ್ಯಾಹ್ನದ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ಅಲ್ಲಿಂದ ನಮ್ಮ ಮನೆ ಐದು ನಿಮಿಷದ ದಾರಿ. ಆ ಐದು ನಿಮಿಷ ನಾನು ದೇವರನ್ನು ನೆನೆಯಲಿಲ್ಲ, ಅವರು ಯಾವ ಮುಖ ಹೊತ್ತು ಬರುತ್ತಾರೆ ಎಂಬುದನ್ನೇ ನೆನೆಯುತ್ತಿದ್ದೆ. ಬಂದರು. ಚಪ್ಪಲಿ ಬಿಟ್ಟರು. ತಂಬಿಗೆ ನೀರು ಗಟಗಟ ಕುಡಿದರು.

"ಸಾದಾ ಗಂಟಂತ. ಅಂಜೂದೇನಿಲ್ಲ," ಎಂದರು.

ಹೇಳಿದ್ದು ಗೂಟಕ್ಕೆ ಹಾಕಿದ ಅಂಗಿಯನ್ನು ನೋಡುತ್ತ. ನನ್ನ ಮುಖ ನೋಡಲಿಲ್ಲ. ಹೆಚ್ಚು ಮಾತಾಡಲೂ ಇಲ್ಲ, ಎದ್ದು ಹಿತ್ತಲಿಗೆ ಹೋದರು. ನಾನು ಕಲಿಸಿದ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದಂತಿತ್ತು.

ಅಂದಿನಿಂದ ಶುರುವಾದದ್ದು ರೋಗಕ್ಕಿಂತ ದೊಡ್ಡ ಅಂಜಿಕೆ. ನಮ್ಮ ಮಗಳು ನವಲಗುಂದದಲ್ಲಿ ಪಿಯುಸಿ ಓದುತ್ತಾಳೆ. ಅವಳ ಕೈಗೆ ರಿಪೋರ್ಟು ಕೊಟ್ಟು ಓದು ಎಂದೆ. ಇಂಗ್ಲಿಷಿನಲ್ಲಿ ತಡವರಿಸುತ್ತ ಓದಿ, ಫೋನಿನಲ್ಲಿ ಹುಡುಕಿ, ಅವ್ವಾ, ಸಾದಾನ ಐತಿ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಖುಷಿಗೂ ಕಣ್ಣೀರು ಬರುತ್ತದೆ, ದುಃಖಕ್ಕೂ ಬರುತ್ತದೆ, ನೀರಿಗೇನು ಬಣ್ಣ ಬೇರೆ ಇರುತ್ತದೆಯೇ? ಅಪ್ಪ ಮಗಳಿಗೆ ಬಸ್‌ಸ್ಟ್ಯಾಂಡಿನಲ್ಲೇ ಹೇಳಿಕೊಟ್ಟಿರಬೇಕು ಎಂದುಕೊಂಡೆ. ಸಿಸ್ಟರು ಬಂದು ರಿಪೋರ್ಟು ನೋಡಿ, ಕಂಗ್ರಾಜುಲೇಷನ್ ಎಂದು ನಕ್ಕು ಕೈ ಕುಲುಕಿದರು. ಅವರು ನನ್ನ ಜೊತೆ ಸೇರಿ ಎರಡು ವರ್ಷದ ಹಿಂದೆ ಹಾಗೇ ನಕ್ಕಿದ್ದರು, ಮಂಚದ ಮೇಲಿದ್ದ ಆ ಹೆಣ್ಣುಮಗಳ ಮುಂದೆ. ಯಾರನ್ನು ಕೇಳಲಿ? ನನಗೆ ಖರೇ ಹೇಳಬಲ್ಲವರೆಲ್ಲ ನಾನೇ ಸುಳ್ಳು ಕಲಿಸಿದವರು.

ಅತ್ತೆಯ ಮಾತಂತೂ ಬೆಣ್ಣೆಯಾಗಿಬಿಟ್ಟಿತ್ತು. ಏಳಬೇಡ ನನ್ನವ್ವಾ, ನಾನು ಮಾಡುತ್ತೇನೆ ಎನ್ನುವಳು. ರವೆಯ ಗಂಜಿ ಮಾಡಿ ಆರಿಸಿ ಕೊಡುವಳು. ಒಂದು ದಿನ ಬೇಕೆಂದೇ ಗಂಜಿಗೆ ಉಪ್ಪಿಲ್ಲ ಎಂದು ತಟ್ಟೆ ಸರಿಸಿದೆ. ಹಿಂದೆ ಹಾಗೆ ಮಾಡಿದ್ದರೆ ನನ್ನ ತವರಿನ ಏಳು ತಲೆಮಾರು ಹೊರಗೆ ಬರುತ್ತಿದ್ದವು. ಆಕೆ ಸುಮ್ಮನೆ ಎದ್ದು ಉಪ್ಪು ತಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಸಾಯುವವಳೆಂದು ತಿಳಿದಿದ್ದಕ್ಕೇ ಬೈಯುತ್ತಿಲ್ಲ ಎಂದು ಖಾತ್ರಿಯಾಯಿತು.

ನೋಡಲು ಬರುವವರು ಬೇರೆ. ಬನ್ನು, ಬಿಸ್ಕೀಟು, ಎಳನೀರು ಹಿಡಿದು ಬಂದು ಸುತ್ತ ಕುಳಿತು, ಏನಂದರಂತೆ ಎಂದು ಕೇಳುವರು. ಸಾದಾ ಗಂಟು ಅಂತ ನನ್ನ ಗಂಡ ಹೇಳುವರು. ಆಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದ್ರಿ, ಸಾದಾನ ಇರಲಿ ಎನ್ನುವರು. ನಮ್ಮೂರಿನಲ್ಲಿ ಆ ಮಾತಿಗೆ ಒಂದೇ ಅರ್ಥ ಉಳಿದಿತ್ತು, ಅದನ್ನು ಉಳಿಸಿದವಳು ನಾನು. ಹೋಗುವಾಗ ಒಬ್ಬ ಮುದುಕಿ ನನ್ನ ಮಗಳ ಗಲ್ಲ ಹಿಡಿದು ಲೊಚಗುಟ್ಟಿದಳು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು ನನಗೆ. ಆ ದಿನಗಳಲ್ಲಿ ಮಗಳಿಗೆ ಜೋಳ ಆರಿಸುವುದು, ಹಿಟ್ಟು ನಾದುವುದು, ಅಜ್ಜಿಯ ಬಿಪಿ ಗುಳಿಗೆ ಯಾವ ಡಬ್ಬಿಯಲ್ಲಿದೆ ಎಂಬುದು, ಎಲ್ಲ ಹೇಳಿಕೊಡತೊಡಗಿದೆ. ಅವಳು, ಇದನ್ನೆಲ್ಲ ಈಗ ಯಾಕೆ ಹೇಳುತ್ತಿ ಎಂದು ರೇಗಿದಳು.

ತಿಂಗಳು ದಾಟಿದ ಮೇಲೆ ಹೊಲಿಗೆ ತೋರಿಸಲು ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಗಾಯ ಚೆನ್ನಾಗಿ ಕೂಡಿದೆ ಎಂದರು. ರಕ್ತ ಪರೀಕ್ಷೆಯ ಚೀಟಿ ನೋಡಿದರು. ಇನ್ನೂ ಕಡಿಮೆ ಇದೆ, ಗುಳಿಗೆಯಿಂದ ತಡವಾಗುತ್ತದೆ ಎಂದು ಹೇಳಿ, ನನ್ನ ಗಂಡನ ಕಡೆ ತಿರುಗಿದರು.

"ಮೂರು ಸಲಾಯನ್ ಹಚ್ಚೂಣ್ರಿ. ಶಕ್ತಿದು. ಇವತ್ತ ಒಂದು ಆಗಿಬಿಡಲಿ."

ಕೆಳಗಿನ ಓಣಿಯ ಅವಳಿಗೂ ಮೊದಲು ಮೂರು ಎಂದೇ ಹೇಳಿದ್ದರು. ನಾನು ಕುರ್ಚಿಯಿಂದ ಏಳಲಿಲ್ಲ. ಗಂಡ ರಟ್ಟೆ ಹಿಡಿದು ಎಬ್ಬಿಸಿದರು. ಮಹಡಿಯ ಕೋಣೆಯಲ್ಲಿ ಸಾಲಾಗಿ ಮಂಚ, ಮಂಚಕ್ಕೊಂದು ಕಬ್ಬಿಣದ ಕಂಬ. ಕಿಟಕಿಯ ಬಾಜೂ ಇದ್ದ ಮಂಚ ತೋರಿಸಿದರು. ಓಡಿಹೋಗೋಣವೆಂದು ಬಾಗಿಲು ನೋಡಿದೆ. ಹೊಟ್ಟೆ ಸೀಳಿಸಿಕೊಂಡವಳು ಎಲ್ಲಿಗೆ ಓಡಬೇಕು? ಮಲಗಿದೆ. ಇವತ್ತು ತಿಳಿಯುತ್ತದೆ, ಇವತ್ತು ಯಾರೂ ಮುಚ್ಚಿಡಲಾರರು ಎಂದುಕೊಂಡೆ.

ನರ್ಸು ಒಂದು ಸಣ್ಣ ಟ್ರೇ ತಂದಳು. ಬಾಟಲಿ ತೂಗುಹಾಕಿದಳು, ಒಳಗೆ ತಿಳಿ ನೀರು. ಆಮೇಲೆ ಟ್ರೇಯಿಂದ ಒಂದು ಗಾಜಿನ ಶೀಶೆ ತೆಗೆದು ಕತ್ತು ಮುರಿದು ಸಿರಿಂಜಿಗೆ ಎಳೆದುಕೊಂಡಳು. ಕಡುಗಂದು, ಬಹುತೇಕ ಕಪ್ಪು ಬಣ್ಣ. ಅದನ್ನು ಬಾಟಲಿಗೆ ಚುಚ್ಚಿದಾಗ ನೀರು ನಿಧಾನವಾಗಿ ಚಹಾದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ನಾನು ತಲೆ ಎತ್ತಿದೆ. ಈ ಬಣ್ಣ ನನಗೆ ಗೊತ್ತು. ರಕ್ತ ತೀರ ಕಡಿಮೆಯಿದ್ದ ಬಸುರಿಯರಿಗೆ ನಮ್ಮ ಕೇಂದ್ರದಲ್ಲಿ ಹಚ್ಚುವಾಗ ಬಾಜೂ ಕುಳಿತು, ತೊಟ್ಟು ಬೀಳುವುದನ್ನು ನೋಡುತ್ತ, ಹೊತ್ತು ಕಳೆದವಳು ನಾನು. ಖಾಲಿ ಶೀಶೆ ಕೊಡು ತಂಗಿ ಎಂದೆ. ನರ್ಸು ಹುಬ್ಬು ಗಂಟಿಕ್ಕಿ ಕೊಟ್ಟಳು. ಅದೇ ಶೀಶೆ, ಮೇಲೆ ಅದೇ ಹೆಸರಿನ ಚೀಟಿ. ಕಬ್ಬಿಣದ ಇಂಜೆಕ್ಷನ್ನು. ಸಾಯುವವಳಿಗೆ ಯಾರೂ ಕಬ್ಬಿಣ ಏರಿಸಿ ಸುಮ್ಮನಾಗುವುದಿಲ್ಲ. ಕೆಳಗಿನ ಓಣಿಯವಳ ಬಾಟಲಿಯಲ್ಲಿ ಈ ಬಣ್ಣ ಎಂದೂ ಇರಲಿಲ್ಲ, ಮೂರೂ ಸಲ ನಾನು ನೋಡಿದ್ದೆ.

ನನ್ನದು ಖರೇನೇ ಸಾದಾ ಗಂಟು. ನಾನು ಸಾಯುವುದಿಲ್ಲ.

ಜೋರಾಗಿ ಅಳತೊಡಗಿದೆ. ಸೂಜಿ ನೋಯುತ್ತಿದೆಯೇ ಎಂದು ನರ್ಸು ಗಾಬರಿಯಾದಳು. ನನ್ನ ಗಂಡ ಓಡಿ ಬಂದರು. ರಿಪೋರ್ಟು ತಂದ ದಿನ ಯಾಕೆ ನನ್ನ ಮುಖ ನೋಡಲಿಲ್ಲ ಎಂದು ಬಿಕ್ಕುತ್ತಲೇ ಕೇಳಿದೆ. ಬಸ್ಸಿನಲ್ಲಿ ಕುಳಿತಾಗಿನಿಂದ ಅಳು ಬರುತ್ತಿತ್ತು, ನಿನ್ನ ಮುಂದೆ ಅತ್ತರೆ ನೀನು ಬೇರೆ ತಿಳಿದುಕೊಂಡೀಯ ಎಂದು ಹಿತ್ತಲಿಗೆ ಹೋಗಿ ಅತ್ತುಬಂದೆ ಎಂದರು.

ಬಾಟಲಿ ಖಾಲಿಯಾಗಲು ಒಂದು ತಾಸು ಹಿಡಿಯಿತು. ಖುಷಿ ಮೊದಲ ಹತ್ತು ನಿಮಿಷ ಇತ್ತು. ಆಮೇಲೆ ಅವಳು ನೆನಪಾದಳು. ಇಂಥದೇ ಮಂಚದ ಮೇಲೆ ಮಲಗಿ ಅವಳೂ ಮೇಲೆ ನೋಡಿದ್ದಳು, ಆಮೇಲೆ ನನ್ನ ಕಡೆ ತಿರುಗಿದ್ದಳು. ನಾನು ಒಂದು ತಿಂಗಳು ಪಟ್ಟ ಅಂಜಿಕೆಯನ್ನು ಅವಳು ಆರು ತಿಂಗಳು ಪಟ್ಟಿರಬೇಕು, ಕೇಳಿದವರೆಲ್ಲ ಮುಖ ತಿರುಗಿಸುತ್ತಿರುವಾಗ. ನನಗೆ ನೋಡಿ ತಿಳಿಯುವಷ್ಟು ವಿದ್ಯೆಯಾದರೂ ಇತ್ತು. ಅವಳಿಗೆ ನಾನೊಬ್ಬಳೇ ಇದ್ದೆ.

ಸಂಜೆಯ ಬಸ್ಸು ಇಳಿದಾಗ ಇನ್ನೂ ಬಿಸಿಲಿತ್ತು. ಗಂಡನಿಗೆ ಮನೆಗೆ ನಡೆಯಿರಿ ಎಂದು ಹೇಳಿ ನಾನು ಕೆಳಗಿನ ಓಣಿಗೆ ಹೋದೆ. ಅವಳ ತಾಯಿ ಕಟ್ಟೆಯ ಮೇಲೆ ಕೆಂಪು ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡು ಕೈ ಝಾಡಿಸಿ ಎದ್ದಳು, ಇಂಥ ಮೈಯಲ್ಲಿ ಯಾಕೆ ಬಂದಿರಿ, ಹೇಳಿ ಕಳಿಸಿದ್ದರೆ ನಾನೇ ಬರುತ್ತಿದ್ದೆ ಎಂದಳು. ಚಾಪೆ ಹಾಸಿದಳು. ಏನಂದರು ಎಂದು ಕೇಳಿದಳು. ಸಾದಾ ಗಂಟು ಎಂದೆ. ಮುದುಕಿ ಬಹಳ ಹೊತ್ತು ನನ್ನ ಮುಖ ನೋಡಿ, ದೇವರು ದೊಡ್ಡವನು ಎಂದು ತಲೆ ತಗ್ಗಿಸಿದಳು. ಅವಳು ನಂಬಲಿಲ್ಲ. ನಾನು ಎಲ್ಲರಿಗೂ ಹೇಳಿದ್ದನ್ನು ಯಾರೋ ನನಗೆ ಹೇಳಿದ್ದಾರೆ ಎಂದು ತಿಳಿದಳು.

ಇಲ್ಲ ಯವ್ವಾ, ಖರೇನೇ ಸಾದಾ, ಕಣ್ಣಾರೆ ನೋಡಿ ಬಂದೆ ಎಂದು ಅವಳಿಗೆ ಬಾಟಲಿಯ ವಿಷಯ ಬಿಡಿಸಿ ಹೇಳಿದೆ. ಆಮೇಲೆ ಬಂದ ಕೆಲಸದ ಮಾತು ತೆಗೆದೆ. ನಿನ್ನ ಮಗಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ದಳು, ನಾನು ನಗುತ್ತ ಸುಳ್ಳು ಹೇಳಿದೆ, ನೀನು ಬೇಡಿಕೊಂಡಿದ್ದೆ ಎಂಬುದು ನಿಜ, ಆದರೆ ಹೇಳಿದ್ದು ನನ್ನ ಬಾಯಿ ಎಂದೆ. ಅಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಹೋಗಿದ್ದೆ, ಆಗಲಿಲ್ಲ. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು.

ಮುದುಕಿ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು, ಮೆಣಸಿನಕಾಯಿಯ ಘಾಟು ಕಣ್ಣಿಗೆ ಹತ್ತಿತು.

"ಆಕಿಗೆ ಗೊತ್ತಿತ್ತ್ರಿ ಅಕ್ಕಾರ. ಮೊದಲನೇ ಸಲಾಯನ್ ಹಚ್ಚಿದ ದಿನಾನ ಗೊತ್ತಾಗಿತ್ತು. 'ನನಗ ಗೊತ್ತೈತಿ ಅಂತ ಅಕ್ಕಾರ ಮುಂದ ಅನಬ್ಯಾಡಬೇ. ಪಾಪ, ಅವರು ಅಗದಿ ಅಂಜ್ಯಾರ. ನಾ ನಂಬೇನಿ ಅಂದ್ರ ಅವರಿಗೆ ಸಮಾಧಾನ ಆಗತೈತಿ' ಅಂದಿದ್ಲ್ರಿ."